ಕಿಡ್ನಿ ರಿಪೋರ್ಟ್ ತೋರಿಸಿದರೆ ಹಾರ್ಟಿನ ಮಾತ್ರೆ ಯಾಕೆ ಬರೆದರು?

ತದಡಿ ದಕ್ಕೆ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ ತುಂಬಾ ವರ್ಷವಾಯಿತು, ಬಿ.ಪಿ.ಯೂ ಇದೆ. ಈ ಸಲ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4, ಅದರ ಕೆಳಗೆ ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಲೆಕ್ಕ, ಇಜಿಎಫ್‌ಆರ್ 56 ಅಂತ ಬಂದಿದೆ. ಡಾಕ್ಟರು "ಕಿಡ್ನಿ ಸ್ವಲ್ಪ ವೀಕ್ ಆಗಿದೆ" ಅಂದರು. ಆಮೇಲೆ ಇಸಿಜಿ ಮಾಡಿಸಿದರು, ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟರು. ಅಪ್ಪನ ಕೊಲೆಸ್ಟ್ರಾಲ್ ಅಂಥಾ ಜಾಸ್ತಿಯೇನೂ ಇಲ್ಲ. ಬಿಡಿಸಿ ಕೇಳೋಣ ಅಂದರೆ ಹೊರಗೆ ಅಷ್ಟುದ್ದ ಪಾಳಿ.

ಮನೆಯಲ್ಲಿ ಈಗ ಒಬ್ಬೊಬ್ಬರದು ಒಂದೊಂದು ಮಾತು. ದೊಡ್ಡಪ್ಪ ಡಯಾಲಿಸಿಸ್ ಗ್ಯಾರಂಟಿ ಅಂತ ಹೆದರಿಸುತ್ತಾರೆ. ಪಕ್ಕದ ಮನೆಯವರು ದಿನಾ ಎರಡು ಎಳನೀರು ಕುಡಿಸಿ, ಕಿಡ್ನಿ ತೊಳೆದುಹೋಗುತ್ತದೆ ಅನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ. ಕಿಡ್ನಿಗೂ ಹಾರ್ಟಿಗೂ ನಂಟಿದೆ ಅನ್ನುವುದಕ್ಕೆ ಸರಿಯಾದ ಸಂಶೋಧನೆ ಇದೆಯಾ?

ಭಟ್ಕಳ ಬಸ್‌ಸ್ಟ್ಯಾಂಡ್
ಇದೆ, ಇದೆ. ಒಂದು ಪರೀಕ್ಷೆಯಿಂದ ಇನ್ನೊಂದು ಪರೀಕ್ಷೆಗೆ ನಂಟು ಯಾವತ್ತೂ ಇರುತ್ತದೆ. ಹಲ್ಲು ನೋವು ಅಂತ ಹೋದರೂ ಇಸಿಜಿ ಮಾಡಿಸುವ ಕಾಲ ಇದು.

ಹೊನ್ನಾವರ ಎಂಡಿ
ಭಟ್ಕಳದವರ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ಆ ಡಾಕ್ಟರು ಮಾಡಿದ್ದು ಸರಿ. ವಿವರಿಸಲು ಅವರಿಗೆ ಸಮಯ ಸಿಕ್ಕಿಲ್ಲ, ಅಷ್ಟೇ.

ತದಡಿಯವರೇ, ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಇಳಿದ ಹಾಗೆಲ್ಲ ಹಾರ್ಟ್ ಅಟ್ಯಾಕ್, ಲಕ್ವ, ಹಾರ್ಟ್ ಫೇಲ್ಯೂರ್ ಇವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಏರಿದವು. 45ರಿಂದ 59ರ ನಡುವೆ ಇದ್ದವರಿಗೆ ಅಪಾಯ ಸುಮಾರು 1.4 ಪಟ್ಟು. 30ರಿಂದ 44ರವರಿಗೆ 2 ಪಟ್ಟು. 15ರಿಂದ 29ರವರಿಗೆ 2.8 ಪಟ್ಟು. ವಯಸ್ಸು, ಸಕ್ಕರೆ, ಬಿ.ಪಿ. ಎಲ್ಲವನ್ನೂ ಲೆಕ್ಕದಲ್ಲಿ ಹೊಂದಿಸಿಕೊಂಡ ಮೇಲೂ ಉಳಿದ ವ್ಯತ್ಯಾಸ ಇದು.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನಿಮ್ಮ ದೊಡ್ಡಪ್ಪನಿಗೆ ಉತ್ತರ. ಸುಮಾರು 28,000 ರೋಗಿಗಳನ್ನು 5 ವರ್ಷದವರೆಗೆ ಗಮನಿಸಿದರು. ನಿಮ್ಮ ತಂದೆಯವರ ಹಾಗೆ ಮೂರನೇ ಹಂತದಲ್ಲಿ, ಅಂದರೆ ಇಜಿಎಫ್‌ಆರ್ 30ರಿಂದ 59ರ ನಡುವೆ ಇದ್ದವರ ಪೈಕಿ ಡಯಾಲಿಸಿಸ್ ಅಥವಾ ಕಸಿಯವರೆಗೆ ಹೋದವರು ನೂರಕ್ಕೆ 1.3. ಅಲ್ಲಿಗೆ ಹೋಗುವ ಮೊದಲೇ ತೀರಿಕೊಂಡವರು ನೂರಕ್ಕೆ 24. ಹೆದರಬೇಡಿ, ಅವರಲ್ಲಿ ವಯಸ್ಸಾದವರೇ ಹೆಚ್ಚು. ಆದರೆ ದಾರಿ ಯಾವ ಕಡೆಗಿದೆ ನೋಡಿ. ಎಲ್ಲರೂ ಡಯಾಲಿಸಿಸ್‌ಗೆ ಹೆದರುತ್ತಾರೆ, ನಡುವೆ ಹಾರ್ಟ್ ಕೈಕೊಡುತ್ತದೆ.

ಈಗ ಕೊಲೆಸ್ಟ್ರಾಲ್ ಮಾತ್ರೆ. 2011ರಲ್ಲಿ ಶಾರ್ಪ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. 9,000ಕ್ಕೂ ಹೆಚ್ಚು ಕಿಡ್ನಿ ರೋಗಿಗಳು. ಯಾರಿಗೂ ಮೊದಲು ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಅರ್ಧ ಜನಕ್ಕೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಮಾತ್ರೆ ತಗೊಂಡವರಲ್ಲಿ ರಕ್ತನಾಳ ಕಟ್ಟಿಕೊಂಡು ಆಗುವ ದೊಡ್ಡ ತೊಂದರೆಗಳು 17% ಕಡಿಮೆಯಾದವು. ಆದ್ದರಿಂದಲೇ ಕಿಡ್ನಿ ಸೋತಿರುವ 50 ದಾಟಿದವರಿಗೆ ಕೊಲೆಸ್ಟ್ರಾಲ್ ನಂಬರ್ ಸಾಧಾರಣ ಇದ್ದರೂ ಈ ಮಾತ್ರೆ ಕೊಡುತ್ತಾರೆ. ಅದು ಹಾರ್ಟ್ ಕಾಯುವುದಕ್ಕೆ. ಕಿಡ್ನಿಯನ್ನು ಅದು ರಿಪೇರಿ ಮಾಡುವುದಿಲ್ಲ.

ತದಡಿ ದಕ್ಕೆ
ಡಾಕ್ಟ್ರೇ, ಇಷ್ಟು ಯಾರೂ ಹೇಳಿರಲಿಲ್ಲ. ಆದರೂ ಕಿಡ್ನಿ ಕೆಟ್ಟರೆ ಹಾರ್ಟ್ ಯಾಕೆ ಕೆಡಬೇಕು? ಒಂದು ಹೊಟ್ಟೆಯ ಹಿಂದೆ, ಇನ್ನೊಂದು ಎದೆಯಲ್ಲಿ.

ಯಲ್ಲಾಪುರ ಮೇಷ್ಟ್ರು
ಇದು ನನ್ನ ಪಾಲಿನ ಪ್ರಶ್ನೆ, ಡಾಕ್ಟರು ಚಹಾ ಕುಡಿಯಲಿ.

ಎರಡೂ ಕಿಡ್ನಿ ಸೇರಿ ತೂಗಿದರೆ 300 ಗ್ರಾಂ ಆಸುಪಾಸು. ಆದರೆ ಹೃದಯ ಪಂಪು ಮಾಡುವ ರಕ್ತದಲ್ಲಿ ಐದನೇ ಒಂದು ಭಾಗ ನೇರ ಅಲ್ಲಿಗೇ ಹೋಗುತ್ತದೆ. ದಿನಕ್ಕೆ 180 ಲೀಟರ್ ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರ್. ಉಳಿದಿದ್ದೆಲ್ಲ ವಾಪಸ್ ರಕ್ತಕ್ಕೆ. ಇಷ್ಟು ರಕ್ತ ಹಾದುಹೋಗುವ ಜಾಗಕ್ಕೂ ಹೃದಯಕ್ಕೂ ಸಂಬಂಧ ಇಲ್ಲದೆ ಇರುತ್ತದಾ?

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲೇ ಮೈ ಊದಿಕೊಂಡು ಸತ್ತವರ ಕಿಡ್ನಿ ಕೊಯ್ದು ನೋಡಿ ಬರೆದ. ಬದುಕಿದ್ದಾಗ ಅವರ ಮೂತ್ರ ಕಾಯಿಸಿದರೆ ಅದರಲ್ಲಿದ್ದ ಪ್ರೋಟೀನು ಗಟ್ಟಿಯಾಗುತ್ತಿತ್ತು. 1836ರಲ್ಲಿ ಅವನೇ ಇಂಥವರಲ್ಲಿ ಹಲವರ ಹೃದಯ ದಪ್ಪಗಾಗಿದೆ ಅಂತಲೂ ಗಮನಿಸಿದ. ಆಗ ಬಿ.ಪಿ. ನೋಡುವ ಪಟ್ಟಿಯೇ ಇರಲಿಲ್ಲ ಅನ್ನುವುದು ನೆನಪಿರಲಿ. ಆಮೇಲೆ 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ರಕ್ತನಾಳವನ್ನು ಕ್ಲಿಪ್ ಹಾಕಿ ಸ್ವಲ್ಪ ಬಿಗಿದ. ನಾಯಿಗಳ ಬಿ.ಪಿ. ಏರಿತು. ರಕ್ತ ಕಡಿಮೆ ಬಂತು ಅಂದರೆ ಕಿಡ್ನಿ ರೆನಿನ್ ಅನ್ನುವ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಉಪ್ಪು ನೀರು ದೇಹದಲ್ಲೇ ಉಳಿಯುತ್ತದೆ. ಬಿ.ಪಿ. ಏರಿದರೆ ಕಿಡ್ನಿ ಕೆಡುತ್ತದೆ, ಕಿಡ್ನಿ ಕೆಟ್ಟರೆ ಬಿ.ಪಿ. ಏರುತ್ತದೆ. ಯಾವುದು ಮೊದಲು ಅಂತ ಹುಡುಕಲು ಹೋದರೆ ಬೆಳಗಾಗುತ್ತದೆ.

ಹೊನ್ನಾವರ ಎಂಡಿ
ಮೇಷ್ಟ್ರೇ, ಚಹಾ ಮುಗಿಯಿತು. ಇನ್ನೆರಡು ಸೇರಿಸುತ್ತೇನೆ. ಎರಿಥ್ರೋಪಾಯಿಟಿನ್ ಅನ್ನುವ ಹಾರ್ಮೋನು ಬಹುಪಾಲು ಕಿಡ್ನಿಯಲ್ಲೇ ತಯಾರಾಗುತ್ತದೆ. ಅದು ಕಡಿಮೆಯಾದರೆ ಹಿಮೋಗ್ಲೋಬಿನ್ ಇಳಿಯುತ್ತದೆ, ಹೃದಯ ಜಾಸ್ತಿ ದುಡಿಯಬೇಕಾಗುತ್ತದೆ. ಇನ್ನು ರಂಜಕ. ಸೋತ ಕಿಡ್ನಿ ಅದನ್ನು ಹೊರಹಾಕದೆ ಇದ್ದರೆ ಮೂಳೆಯ ಕ್ಯಾಲ್ಸಿಯಂ ಲೆಕ್ಕ ತಪ್ಪಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರುತ್ತದೆ. ವಿಟಮಿನ್ ಡಿಗೆ ಕೊನೆಯ ರೂಪ ಸಿಗುವುದೂ ಕಿಡ್ನಿಯಲ್ಲೇ. ಹಾಗಾಗಿ ರಕ್ತಹೀನತೆ, ಮೂಳೆ ನೋವು, ಹಾರ್ಟ್ ಮೂರೂ ಒಂದೇ ಫೈಲಿನಲ್ಲಿ ಬರುತ್ತವೆ.

ಕುಮಟಾ ಲ್ಯಾಬ್ ಅಕ್ಕ
ನಾನು ದಿನಾ ಈ ರಿಪೋರ್ಟ್ ಪ್ರಿಂಟ್ ಮಾಡುವವಳು. ರೇಂಜ್ ದಾಟಿದ ನಂಬರಿನ ಪಕ್ಕ ಒಂದು ನಕ್ಷತ್ರ ಬೀಳುತ್ತದೆ. ಜನ ಆ ನಕ್ಷತ್ರ ನೋಡಿಯೇ ಅರ್ಧ ಇಳಿದುಹೋಗುತ್ತಾರೆ. ಮೇಲೆ ಎಲ್ಲರೂ ಹಾರ್ಟ್ ಹಾರ್ಟ್ ಅಂದರು, ಒಬ್ಬರೂ ಮೂತ್ರದ ಪರೀಕ್ಷೆ ಎಲ್ಲಿ ಅಂತ ಕೇಳಲಿಲ್ಲ!

ಕ್ರಿಯಾಟಿನಿನ್ ಅಂದರೆ ಸ್ನಾಯುಗಳಿಂದ ಬರುವ ಕಸ, ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಇಜಿಎಫ್‌ಆರ್ ಲೆಕ್ಕ ಹಾಕುವುದು ಅದರಿಂದಲೇ. ಅದೇ 1.4 ಇಟ್ಟುಕೊಳ್ಳಿ. 64 ವರ್ಷದ ಗಂಡಸಿಗೆ ಇಜಿಎಫ್‌ಆರ್ 56. 64 ವರ್ಷದ ಹೆಂಗಸಿಗೆ 42. 25ರ ಹುಡುಗನಿಗೆ 70ರ ಮೇಲೆ. 2021ರಲ್ಲಿ ಬದಲಾದ ಸೂತ್ರದಲ್ಲಿ ಹಾಕಿದ ಲೆಕ್ಕ ಇದು. ಜಿಮ್ಮಿಗೆ ಹೋಗಿ ಪೌಡರ್ ಕುಡಿಯುವ ಹುಡುಗರಿಗೆ, ಹಿಂದಿನ ರಾತ್ರಿ ಮಟನ್ ಊಟ ಹೊಡೆದವರಿಗೆ, ನೀರು ಕುಡಿಯದೆ ಬಿಸಿಲಲ್ಲಿ ದುಡಿದು ಬಂದವರಿಗೆ ಕ್ರಿಯಾಟಿನಿನ್ ಸ್ವಲ್ಪ ಏರಿ ಕಾಣುತ್ತದೆ. ಮೈಯಲ್ಲಿ ಮಾಂಸವೇ ಇಲ್ಲದ ಅಜ್ಜಿಯರಿಗೆ ಕಿಡ್ನಿ ಸೋತಿದ್ದರೂ ನಂಬರ್ ಚೆಂದ ಬರುತ್ತದೆ. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಅಂತ ಇನ್ನೊಂದು ಪರೀಕ್ಷೆ ಇದೆ. ಅದಕ್ಕೆ ಸ್ನಾಯುವಿನ ಗೊಡವೆ ಕಡಿಮೆ. ಆದರೆ ದುಬಾರಿ, ಸ್ಯಾಂಪಲ್ ಹೊರಗೆ ಕಳಿಸಬೇಕು.

ಅದಕ್ಕೇ ಒಂದು ಸಲದ ನಂಬರ್ ನೋಡಿ ಕಿಡ್ನಿ ಕಾಯಿಲೆ ಅಂತ ಮುದ್ರೆ ಒತ್ತುವ ಹಾಗಿಲ್ಲ. 3 ತಿಂಗಳಿಗಿಂತ ಜಾಸ್ತಿ ಹಾಗೇ ಉಳಿದಿರಬೇಕು. ಜೊತೆಗೆ ಮೂತ್ರದಲ್ಲಿ ಎಸಿಆರ್ ನೋಡಿಸಬೇಕು. ಅಂದರೆ ಆಲ್ಬುಮಿನ್ ಅನ್ನುವ ಪ್ರೋಟೀನು ಎಷ್ಟು ಸೋರುತ್ತಿದೆ ಅನ್ನುವ ಲೆಕ್ಕ. ಕಾಯಿಹಾಲು ಹಿಂಡುವ ಬಟ್ಟೆ ಜಾಳಾದರೆ ಹೇಗೆ ಚರಟವೂ ಇಳಿಯುತ್ತದೋ ಹಾಗೆ, ಕಿಡ್ನಿಯ ಸೋಸುವ ಪೊರೆ ಜಾಳಾದರೆ ಒಳಗೇ ಇರಬೇಕಾದ ಪ್ರೋಟೀನು ಮೂತ್ರಕ್ಕೆ ಇಳಿಯುತ್ತದೆ. 30ರ ಒಳಗಿದ್ದರೆ ಚಿಂತೆ ಇಲ್ಲ. 30ರಿಂದ 300 ಅಂದರೆ ಎಚ್ಚರಿಕೆ. 300 ದಾಟಿದರೆ ಜೋರಾಗಿ ಸೋರುತ್ತಿದೆ ಅಂತ. ನಾವು ಸಾಮಾನ್ಯವಾಗಿ ಮೂತ್ರದಲ್ಲಿ ಅದ್ದುವ ಕಡ್ಡಿ ಇದೆಯಲ್ಲ, ಹಳದಿ ಚೌಕ ಹಸಿರಾಗುವುದು, ಅದಕ್ಕೆ ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕ್ರಿಯಾಟಿನಿನ್ ಏರುವ ಎಷ್ಟೋ ವರ್ಷ ಮೊದಲೇ ಈ ಸೋರಿಕೆ ಶುರುವಾಗಿರುತ್ತದೆ. ಕ್ರಿಯಾಟಿನಿನ್ ಎಲ್ಲರೂ ಮಾಡಿಸುತ್ತಾರೆ, ಎಸಿಆರ್ ಚೀಟಿ ಬರುವುದು ಅಪರೂಪ.

ಹೊನ್ನಾವರ ಎಂಡಿ
ಅಕ್ಕ ಹೇಳಿದ್ದಕ್ಕೆ ನನ್ನದು ದೊಡ್ಡ ಹೌದು. ಹಾರ್ಟಿನ ಅಪಾಯವನ್ನು ಸೋರಿಕೆ ಬೇರೆಯಾಗಿಯೇ ಹೇಳುತ್ತದೆ. ಇಜಿಎಫ್‌ಆರ್ 90 ಇದ್ದು ಎಸಿಆರ್ 400 ಇರುವವರ ಬಗ್ಗೆ ನನಗೆ 56 ಇದ್ದು ಎಸಿಆರ್ 10 ಇರುವವರಿಗಿಂತ ಜಾಸ್ತಿ ಚಿಂತೆ. ಕಣ್ಣಿನ ಪರದೆಯನ್ನೂ ತೋರಿಸಿ. ಸಕ್ಕರೆಯಿಂದ ಅಲ್ಲಿನ ಸಣ್ಣ ರಕ್ತನಾಳಗಳು ಕೆಟ್ಟಿದ್ದರೆ ಕಿಡ್ನಿಯಲ್ಲೂ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಸೊಪ್ಪಿನಬೆಟ್ಟ ಸಿರ್ಸಿ
ಡಾಕ್ಟರ್ ಭಾವ, ನಡುವೆ ಬಾಯಿ ಹಾಕುತ್ತೇನೆ. ಅಡಿಕೆಯಿಂದ ಕಿಡ್ನಿ ಫೇಲ್ ಅಂತ ವಾಟ್ಸಾಪಿನಲ್ಲಿ ಒಂದು ಹರಿದಾಡುತ್ತಿದೆ. ನಮ್ಮ ಅಜ್ಜ ಎದ್ದ ಕೂಡಲೇ ಕವಳ, ಮಲಗುವ ಮುಂಚೆ ಕವಳ, 90 ದಾಟಿ ಬದುಕಿದರು. ಮೊದಲು ಕ್ಯಾನ್ಸರ್ ಅಂದರು, ಈಗ ಕಿಡ್ನಿ. ಮುಂದೆ ಕೂದಲು ಉದುರುವುದಕ್ಕೂ ಅಡಿಕೆಯೇ ಕಾರಣ ಅನ್ನಬಹುದು.

ಹೊನ್ನಾವರ ಎಂಡಿ
ಭಾವ, ತೈವಾನಿನಲ್ಲಿ ಅಂಥ ಅಧ್ಯಯನ ನಡೆದಿದ್ದು ನಿಜ. ಅಡಿಕೆ ಜಗಿಯುವವರಲ್ಲಿ ಕಿಡ್ನಿ ಕಾಯಿಲೆ ಜಾಸ್ತಿ ಕಂಡಿತು. ಆದರೆ ಎರಡು ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಅಂತ ಸಾಬೀತಾಗುವುದಿಲ್ಲ. ಅಲ್ಲಿ ಜಗಿಯುವವರಲ್ಲಿ ಸಿಗರೇಟು ಸೇದುವವರೂ ಹೆಚ್ಚು. ಲೆಕ್ಕದಲ್ಲಿ ಅದನ್ನು ಹೊಂದಿಸುತ್ತಾರೆ, ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. ಅಡಿಕೆಗೂ ಕಿಡ್ನಿಗೂ ನಂಟು ಪಕ್ಕಾ ಅನ್ನಲು ಇದು ಸಾಲದು. ಬಾಯಿ ಕ್ಯಾನ್ಸರ್ ಮಾತು ಬೇರೆ. ಅಲ್ಲಿ ಪುರಾವೆ ಗಟ್ಟಿ ಇದೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಜ್ಜ 90 ದಾಟಿದ್ದಕ್ಕೆ ಸಂತೋಷ. ದಾಟದವರ ಮೊಮ್ಮಕ್ಕಳು ಇಲ್ಲಿ ಬರೆಯುತ್ತಿಲ್ಲ ಅಷ್ಟೇ.

ಸೊಪ್ಪಿನಬೆಟ್ಟ ಸಿರ್ಸಿ
ತೋಟ ಮಾರಿ ಏನು ಬೆಳೆಯಲಿ ಅಂತಲೂ ಹೇಳಿಬಿಡಿ. ಇರಲಿ. ನಮ್ಮಲ್ಲಿ ಕೊನೆ ಕೊಯ್ಯಲು ಬರುವವರು ಬೆನ್ನು ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ದಿನಾ ನುಂಗುತ್ತಾರೆ. ಅದರ ಬಗ್ಗೆ ಹೇಳಿ.

ಹೊನ್ನಾವರ ಎಂಡಿ
ಇದು ಅಡಿಕೆಗಿಂತ ನೂರು ಪಾಲು ಮುಖ್ಯವಾದ ಪ್ರಶ್ನೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಬರುವ ರಕ್ತವನ್ನು ತಗ್ಗಿಸುತ್ತವೆ. ಗಟ್ಟಿಮುಟ್ಟಾದವರು ಎರಡು ದಿನ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೆವರು ಸುರಿಸಿ ನೀರು ಕಡಿಮೆಯಾದ ಮೈಗೆ ದಿನಾ ಬಿದ್ದರೆ ಕಷ್ಟ. ಟೆಲ್ಮಿಸಾರ್ಟನ್ ಥರದ ಬಿ.ಪಿ. ಮಾತ್ರೆ, ನೀರು ಹೋಗಿಸುವ ಮಾತ್ರೆ, ಮೇಲೆ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿ ಕೆಲವೇ ದಿನದಲ್ಲಿ ಕೂತುಬಿಡಬಹುದು. ತದಡಿಯವರೇ, ನಿಮ್ಮ ತಂದೆಗೆ ನೋವು ಬಂದರೆ ಪ್ಯಾರಾಸಿಟಮಾಲ್, ಅದೂ ಅಳತೆಯಲ್ಲಿ. ಹೀಗಂತ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ! ಸೋರಿಕೆ ತಗ್ಗಿಸುವುದರಲ್ಲಿ ಆ ಸಾರ್ಟನ್ ಜಾತಿಯವೇ ಮುಂದೆ, 2001ರಿಂದ ಪುರಾವೆ ಇದೆ.

ಅಂಕೋಲಾ ಗದ್ದೆ
ನಮ್ಮ ಚಿಕ್ಕಪ್ಪನಿಗೆ ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ನೆಟ್ಟಿ ಸಮಯದಲ್ಲಿ ಜ್ವರ ಬಂತು, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು. ಮಳೆಯಲ್ಲಿ ನೆನೆದ ಜ್ವರ ಅಂತ ಕಷಾಯ ಕುಡಿದು ಮಲಗಿದರು. ಮೂತ್ರ ಕಟ್ಟಿದ ಮೇಲೆ ಆಸ್ಪತ್ರೆಗೆ ಒಯ್ದಿದ್ದು. ಇಲಿಜ್ವರ. ಕೆಲವು ಸಲ ಡಯಾಲಿಸಿಸ್ ಆಯಿತು, ಆಮೇಲೆ ಪೂರ್ತಿ ಗುಣ. ಈಗ ಗದ್ದೆಗೂ ಇಳಿಯುತ್ತಾರೆ. ಮುಂದೆ ಏನಾದರೂ ಉಳಿಯುತ್ತದಾ?

ಹೊನ್ನಾವರ ಎಂಡಿ
ಉಳಿಯಬಹುದು. ಕಿಡ್ನಿ ಒಮ್ಮೆ ಹಠಾತ್ತಾಗಿ ಕೂತು ಎದ್ದರೆ ಲೆಕ್ಕ ಚುಕ್ತಾ ಅಂತ ಹಿಂದೆ ಅಂದುಕೊಂಡಿದ್ದರು. ಅಂಥವರಿಗೆ ಮುಂದೆ ದೀರ್ಘಕಾಲದ ಕಿಡ್ನಿ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಅಂತ ಈಗ ಗೊತ್ತಾಗಿದೆ. ಇಲಿಜ್ವರದ ಮೇಲೆಯೇ ತೈವಾನಿನಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಬಂತು, ಸೋಂಕು ತಗುಲಿದವರಲ್ಲಿ ಕಿಡ್ನಿ ಶಕ್ತಿ ಕಡಿಮೆ ಕಂಡಿತು. ಗುಣವಾದ 3 ತಿಂಗಳಿಗೆ ಒಮ್ಮೆ ನೋಡಬೇಕು ಅನ್ನುವುದು ನಿಯಮ. ಆಗ ಮಾಡಿಸದಿದ್ದರೆ ಈಗ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ಸಾಕು.

ಕೆಸರಿಗೆ ಇಳಿಯುವವರೆಲ್ಲ ಓದಿ. ಇಲಿ ಮೂತ್ರ ಬೆರೆತ ನೀರಿನಿಂದ ಕಾಲಿನ ಗಾಯದ ಮೂಲಕ ಈ ರೋಗ ಹತ್ತುತ್ತದೆ. ಮಳೆಗಾಲದ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಮೂರೂ ಬಂದರೆ ಕಷಾಯ ಆಮೇಲೆ, ಮೊದಲು ಆಸ್ಪತ್ರೆ. ಶುರುವಿನಲ್ಲೇ ಸಿಕ್ಕರೆ ಡಾಕ್ಸಿಸೈಕ್ಲಿನ್ ಥರದ ಹಳೇ, ಅಗ್ಗದ ಔಷಧವೇ ಕೆಲಸ ಮಾಡುತ್ತದೆ.

ಕಾಳಿ ಸಂಗಮ
ನಾನು ಕಾರವಾರದವಳು, ಡಯಾಲಿಸಿಸ್ ಯೂನಿಟ್ಟಿನಲ್ಲಿ ನರ್ಸ್. ಎಳನೀರಿನ ಮಾತು ನೋಡಿ ಬರೆಯದೆ ಇರಲಾಗಲಿಲ್ಲ.

ಎಳನೀರಿನಲ್ಲಿ 100 ಎಂ.ಎಲ್‌ಗೆ 200ರಿಂದ 250 ಮಿ.ಗ್ರಾಂ. ಪೊಟ್ಯಾಶಿಯಂ. ದೊಡ್ಡ ಎಳನೀರು ಒಂದು ಕುಡಿದರೆ ಅರ್ಧ ಗ್ರಾಂ ದಾಟುತ್ತದೆ. ಒಳ್ಳೆ ಕಿಡ್ನಿ ಅದನ್ನು ಹೊರಗೆ ಕಳಿಸಿಬಿಡುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ಪೊಟ್ಯಾಶಿಯಂ ವಿಪರೀತ ಏರಿದರೆ ಎದೆಬಡಿತ ತಾಳ ತಪ್ಪುತ್ತದೆ, ನಿಂತೂ ಹೋಗಬಹುದು. ಯುಗಾದಿ ಕಳೆದು ಮಾವು ಬರುವ ಹೊತ್ತಿಗೆ ನಮಗೆ ಭಯ ಶುರು.

ನಮ್ಮಲ್ಲಿ ಪೇಶೆಂಟ್ ಬಂದ ತಕ್ಷಣ ತಕ್ಕಡಿ ಮೇಲೆ ನಿಲ್ಲಿಸುತ್ತೇವೆ. ಹಿಂದಿನ ಸಲ ಹೋಗುವಾಗ ಇದ್ದ ತೂಕಕ್ಕಿಂತ ಎಷ್ಟು ಏರಿದೆಯೋ ಅಷ್ಟೂ ನೀರು. ಮಾರಿಕಾಂಬಾ ಜಾತ್ರೆ ಮುಗಿಸಿ ಬಂದವರೊಬ್ಬರ ಮುಖ ನೋಡಿಯೇ ಗೊತ್ತಾಗಿತ್ತು, ತಕ್ಕಡಿ ಸುಮ್ನೆ ಸಾಕ್ಷಿ. ಆಮೇಲೆ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ, ಇರುವ ಕೈ ಮೇಲೆ ಬೆರಳಿಟ್ಟು ನೋಡುತ್ತೇವೆ, ಚರ್ಮದ ಅಡಿಯಲ್ಲಿ ಜುಂ ಅನ್ನಬೇಕು. ಆ ಜುಂ ಇಲ್ಲ ಅಂದರೆ ರಕ್ತನಾಳ ಕಟ್ಟಿದೆ ಅಂತ, ಎಲ್ಲರ ಮುಖವೂ ಬಾಡುತ್ತದೆ. ಒಂದು ಸಲಕ್ಕೆ 4 ತಾಸು, ವಾರಕ್ಕೆ ಎರಡೋ ಮೂರೋ ಸಲ. 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ. ಆದರೆ ಘಟ್ಟದ ಮೇಲಿನವರಿಗೆ ಬಸ್ಸಿನ ದಾರಿಯೇ ಅರ್ಧ ಜೀವ ತಿನ್ನುತ್ತದೆ. ನನ್ನ ಕಣ್ಣಿಗೆ ಬೀಳುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಮೂತ್ರದ ಪರೀಕ್ಷೆ ಒಮ್ಮೆಯೂ ಮಾಡಿಸದವರು.

ತದಡಿ ದಕ್ಕೆ
ಅಕ್ಕಾ, ಹಾಗಾದರೆ ಅಪ್ಪ ಎಳನೀರು ಮುಟ್ಟಲೇಬಾರದಾ? ಹಿತ್ತಲಲ್ಲೇ ತೆಂಗು.

ಕಾಳಿ ಸಂಗಮ
56 ಇರುವವರಿಗೆ ನಿಷೇಧ ಇಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಸರಿ ಇದ್ದರೆ ಅಪರೂಪಕ್ಕೆ ಒಂದು ಕುಡಿಯಲಿ. ಔಷಧಿ ಅಂತ ದಿನಾ ಎರಡು ಬೇಡ. ಎಳನೀರಿನಿಂದ ಕಿಡ್ನಿ ತೊಳೆದುಹೋಗುವ ಹಾಗಿದ್ದರೆ ನನಗೆ ಈ ಕೆಲಸವೇ ಇರುತ್ತಿರಲಿಲ್ಲ.

ಇನ್ನೊಂದು. ಸಕ್ಕರೆ ಇಳಿಯುತ್ತದೆ ಅಂತ ಬಿಂಬುಳಿ ರಸ ಹಿಂಡಿ ಕುಡಿಯುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಆಕ್ಸಲೇಟ್ ತುಂಬಾ ಇದೆ, ಕಿಡ್ನಿಯ ನಾಳದಲ್ಲಿ ಹರಳು ಕಟ್ಟಿ ಒಮ್ಮೆಲೇ ಫೇಲ್ ಆದ ಪ್ರಕರಣಗಳು ಕೇರಳದಲ್ಲಿ ವರದಿಯಾಗಿವೆ. ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ.

ಭಟ್ಕಳ ಬಸ್‌ಸ್ಟ್ಯಾಂಡ್
ಉಪ್ಪು? ಸಾಣಿಕಟ್ಟಾದ ಕಲ್ಲುಪ್ಪು ನೈಸರ್ಗಿಕ, ಎಷ್ಟು ತಿಂದರೂ ಏನಾಗಲ್ಲ ಅಂತ ನಮ್ಮ ಮಾವ ವಾದ ಮಾಡುತ್ತಾರೆ.

ಹೊನ್ನಾವರ ಎಂಡಿ
ಸಾಣಿಕಟ್ಟಾದ್ದಾಗಲಿ ಪ್ಯಾಕೆಟ್ಟಿನದ್ದಾಗಲಿ, ಹೆಚ್ಚಿನ ಪಾಲು ಸೋಡಿಯಂ ಕ್ಲೋರೈಡೇ. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇರುವ ನಮ್ಮ ಊಟದಲ್ಲಿ ಅಷ್ಟು ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಅಂಗಡಿಯಲ್ಲಿ ಬರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಅದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು, ಲಕ್ವ ಕಡಿಮೆಯಾಯಿತು. ಆದರೆ ಅದರಲ್ಲಿ ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್. ಗಂಭೀರ ಕಿಡ್ನಿ ಕಾಯಿಲೆ ಇರುವವರನ್ನು ಆ ಪ್ರಯೋಗಕ್ಕೇ ಸೇರಿಸಿರಲಿಲ್ಲ. ಕಿಡ್ನಿ ಸೋತವರು ಡಾಕ್ಟರನ್ನು ಕೇಳದೆ ಆ ಉಪ್ಪು ತರಬೇಡಿ.

ಅಂಕೋಲಾ ಗದ್ದೆ
ಆಂಧ್ರದ ಉದ್ದಾನಂ ಬಗ್ಗೆ ಓದಿದ್ದೆ. ಅದೂ ಕರಾವಳಿ, ಅಲ್ಲೂ ಗೇರು, ತೆಂಗು. ನಮಗೂ ಹಾಗೆ ಆಗಬಹುದಾ?

ಯಲ್ಲಾಪುರ ಮೇಷ್ಟ್ರು
ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯ, ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳು. ಮೂರೂ ಕಡೆ ಸಕ್ಕರೆಯೂ ಇಲ್ಲದ, ಬಿ.ಪಿ.ಯೂ ಇಲ್ಲದ ದುಡಿಯುವ ಜನರ ಕಿಡ್ನಿ ಸೋಲುತ್ತಿದೆ. ಬಿಸಿಲಲ್ಲಿ ನೀರಿಲ್ಲದ ದುಡಿಮೆ, ಕುಡಿಯುವ ನೀರು, ಕೀಟನಾಶಕ, ಸಿಲಿಕಾ ಎಲ್ಲದರ ಮೇಲೂ ಸಂಶಯ ಇದೆ. ಇದೇ ಕಾರಣ ಅಂತ ಯಾವುದರ ಮೇಲೂ ಬೆರಳಿಟ್ಟು ತೋರಿಸಲು ಇನ್ನೂ ಆಗಿಲ್ಲ. ಗೇರು ತೆಂಗು ಇದೆ ಅಂದ ಮಾತ್ರಕ್ಕೆ ಊರು ಉದ್ದಾನಂ ಆಗುವುದಿಲ್ಲ.

ತದಡಿ ದಕ್ಕೆ
ಕೊನೆಯ ಪ್ರಶ್ನೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಮಾತ್ರೆ ಕಿಡ್ನಿಗೂ ಹಾರ್ಟಿಗೂ ಒಳ್ಳೇದು ಅಂತಾರಲ್ಲ, ನಿಜವಾ?

ಹೊನ್ನಾವರ ಎಂಡಿ
ನಿಜ. ನಾನು ಓದುವಾಗ ಇಲ್ಲದ್ದು ಇದು. 2019ರಲ್ಲಿ ಕ್ಯಾನಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯವರ ಕಿಡ್ನಿ ಸೋಲುವುದನ್ನು ನಿಧಾನ ಮಾಡಿತು. 2020ರಲ್ಲಿ ಡಪಾಗ್ಲಿಫ್ಲೋಜಿನ್ ಅನ್ನು 4,304 ಜನರಲ್ಲಿ ನೋಡಿದರು. ಕಿಡ್ನಿ ಅರ್ಧಕ್ಕರ್ಧ ಕುಸಿಯುವುದು, ಪೂರ್ತಿ ಫೇಲಾಗುವುದು, ಕಿಡ್ನಿ ಅಥವಾ ಹಾರ್ಟಿನಿಂದ ಸಾವು, ಇವೆಲ್ಲ ಸೇರಿಸಿದ ಲೆಕ್ಕ 39% ಇಳಿಯಿತು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಲಾಭವಾಯಿತು. ಹಾರ್ಟ್ ಫೇಲ್ಯೂರ್‌ಗೂ ಅದೇ ಮಾತ್ರೆ. ಭಾರತದಲ್ಲಿ ಅದರ ಪೇಟೆಂಟ್ 2020ರಲ್ಲಿ ಮುಗಿದು ಬೆಲೆ ಇಳಿದಿದೆ.

ಶುರುವಿನಲ್ಲಿ ಇಜಿಎಫ್‌ಆರ್ ಸ್ವಲ್ಪ ತಗ್ಗಿ ಕಾಣುತ್ತದೆ, ಅದು ನಿರೀಕ್ಷಿತ. ಮೂತ್ರದ ಜಾಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು. ವಾಂತಿ ಭೇದಿ ಆದಾಗ, ನಿರಾಹಾರ ಉಪವಾಸ ಮಾಡುವಾಗ, ಆಪರೇಷನ್ನಿಗೆ ಮೊದಲು ನಿಲ್ಲಿಸಬೇಕು. ಅದಕ್ಕೇ ಅಂಗಡಿಯಿಂದ ನೀವೇ ತರುವಂಥದ್ದಲ್ಲ. ಎಸಿಆರ್ ರಿಪೋರ್ಟ್ ಹಿಡಿದು ನಿಮ್ಮ ಡಾಕ್ಟರನ್ನೇ ಕೇಳಿ.

ಯಲ್ಲಾಪುರ ಮೇಷ್ಟ್ರು
ಈ ಮಾತ್ರೆಗಳ ಮೂಲ ಫ್ಲೋರಿಝಿನ್. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದಿದ್ದು. ಜ್ವರಕ್ಕೆ ಅಂತ ಹುಡುಕಿದವರಿಗೆ ಸಕ್ಕರೆಯನ್ನು ಮೂತ್ರಕ್ಕೆ ಬಿಡುವ ಕಿಡ್ನಿಯ ಬೀಗದ ಕೈ ಸಿಕ್ಕಿತ್ತು, ಬಾಗಿಲು ಕಾಣಲು ಒಂದೂಮುಕ್ಕಾಲು ಶತಮಾನ ಬೇಕಾಯಿತು.

ತದಡಿ ದಕ್ಕೆ
ಲ್ಯಾಬ್ ಅಕ್ಕಾ, ಎಸಿಆರ್‌ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಬಾಟಲಿ ನಾವೇ ತರಬೇಕಾ?

ಕುಮಟಾ ಲ್ಯಾಬ್ ಅಕ್ಕ
ಖಾಲಿ ಹೊಟ್ಟೆ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಒಳ್ಳೇದು, ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ ಬೇಡ. ಹಿಂದಿನ ದಿನ ಬಲೆ ಎಳೆಯುವಂಥ ಭಾರಿ ಕೆಲಸ ಮಾಡಿದ್ದರೂ ಬೇಡ, ಸುಳ್ಳೇ ಏರಿ ಕಾಣುತ್ತದೆ. ಜಾಸ್ತಿ ಬಂದರೆ ಒಂದೇ ಸಲಕ್ಕೆ ನಂಬದೆ ಮತ್ತೆ ಮಾಡಿಸಿ. ಡಬ್ಬಿ ಲ್ಯಾಬಿನಲ್ಲೇ ಕೊಡುತ್ತಾರೆ, ಹಿಂದಿನ ದಿನ ಬಂದು ಒಯ್ಯಿರಿ. ಕೆಮ್ಮಿನ ಸಿರಪ್ಪಿನ ಬಾಟಲಿ ತೊಳೆದು ತರಬೇಡಿ ಮತ್ತೆ.